ಅಂಚಿನವರೆಗೆ ತುಂಬಿದ ಡಬ್ಬ

ನ್ಯೂಯಾರ್ಕ್ ಹತ್ತಿರದ ನಮ್ಮೂರು ಓಲ್ಡ್ ಬ್ರಿಡ್ಜ್‌ನ ಚಳಿಗೆ ದೋಸೆ ಹಿಟ್ಟು ಹುಳಿ ಬರುವುದು ಓವನ್ ಒಳಗೆ ಮಾತ್ರ. ರಾತ್ರಿ ಲೈಟ್ ಹಾಕಿ ಡಬ್ಬ ಒಳಗಿಡುವುದು, ಬೆಳಿಗ್ಗೆ ಕಾಫಿಗೂ ಮೊದಲು ಬಾಗಿಲು ತೆರೆದು ನೋಡುವುದು. ನೀವೂ ಇದನ್ನೇ ಮಾಡುತ್ತೀರಿ, ಗೊತ್ತು.

ಮೊನ್ನೆ ತೆರೆದರೆ ಹಿಟ್ಟು ಉಕ್ಕಿ ಹರಿದಿತ್ತು. (ಎರಡನೇ ಡಬ್ಬ ತೊಳೆಯುವ ಸೋಮಾರಿತನಕ್ಕೆ ಒಂದನ್ನೇ ಅಂಚಿನವರೆಗೆ ತುಂಬಿದ್ದೆ.)

ನಮ್ಮ ಯಜಮಾನರು ಆಗಲೇ ಲ್ಯಾಪ್‌ಟಾಪ್ ಮುಂದಿದ್ದರು. ಪಕ್ಕದ ಕಾಫಿಗೆ ಕೆನೆ ಕಟ್ಟಿತ್ತು. ಅವರು ನೋಡಿಕೊಳ್ಳುವ ಜಾವಾ ಅಪ್ಲಿಕೇಶನ್ ವಾರದಿಂದ ಪದೇ ಪದೇ ಸಾಯುತ್ತಿತ್ತು. ಹೋದ ತಿಂಗಳಷ್ಟೇ ಟೀಮಿನಿಂದ ಇಬ್ಬರನ್ನು ತೆಗೆದಿದ್ದರು. ಮುಂದಿನವರು ಯಾರು? ಅವರು ಹೇಳುವುದಿಲ್ಲ, ನಾನು ಕೇಳುವುದಿಲ್ಲ. ಕೆಲಸ ಹೋದರೆ ಅದರ ಹಿಂದೆಯೇ ವೀಸಾ ಕೂಡ ಹೋಗುತ್ತದೆ.

ಸ್ಪಾಂಜ್ ಹಿಡಿದು ಕೂತ ನನ್ನನ್ನು ನೋಡಿ ನಕ್ಕರು. ಎಷ್ಟು ದಿನವಾಗಿತ್ತು ಆ ನಗು ಕೇಳಿ!

"ನಾನೂ ಇದೇ ತಪ್ಪು ಮಾಡಿರೋದು ಕಣೇ. ಅಪ್ಲಿಕೇಶನ್ ಓಡೋ ಕಂಟೇನರ್ ಅನ್ನೋ ಡಬ್ಬಕ್ಕೆ ಎರಡು ಜಿಬಿ ಮೆಮೊರಿ ಲಿಮಿಟ್. ಅಪ್ಲಿಕೇಶನ್ ಡೇಟಾ ಇಡೋ ಜಾಗಕ್ಕೇ, ಅಂದ್ರೆ ಹೀಪ್‌ಗೇ, ಎರಡೂ ಜಿಬಿ ಕೊಟ್ಬಿಟ್ಟಿದೀನಿ. ಜಾವಾ ತನಗೇ ಅಂತ ಒಂದಿಷ್ಟು ಹೊರಗಡೆ ತಗೊಳತ್ತೆ. ಅದಕ್ಕೆ ಜಾಗಾನೇ ಇಲ್ಲ. ಲಿಮಿಟ್ ದಾಟಿದ ತಕ್ಷಣ ಸಿಸ್ಟಮ್ ಸಾಯಿಸಿಬಿಡತ್ತೆ."

"ಸಾಯೋ ಮುಂಚೆ ಏನೂ ಹೇಳಲ್ವಾ?"

"ಇಲ್ಲ. ಅದು ಬರೆದಿಡೋ ಲಾಗ್‌ನಲ್ಲಿ ಒಂದು ಎರರ್ ಕೂಡ ಇಲ್ಲ. ಅದಕ್ಕೇ ವಾರ ಹಿಡೀತು."

ಹೀಪ್ ಅನ್ನು ಒಂದೂವರೆ ಜಿಬಿಗೆ ಇಳಿಸಿ, ನ್ಯೂಯಾರ್ಕ್ ಬಸ್ ಹಿಡಿಯಲು ಕಾರಿನಲ್ಲಿ ಹೊರಟರು. ನಾನು ಓವನ್ ಉಜ್ಜುತ್ತಾ ಉಳಿದೆ. ನಾನು ಓದಿದ ಕಾನ್ವೆಂಟಿನಲ್ಲಿ ಲೋಟದ ಅಂಚಿನವರೆಗೆ ನೀರು ತುಂಬಿದರೆ ಸಿಸ್ಟರ್ ಕಣ್ಣು ದೊಡ್ಡದು ಮಾಡುತ್ತಿದ್ದರು. ಮನುಷ್ಯರ ದಿನಗಳನ್ನು ಹೀಗೆ ತುಂಬಿದರೆ ಕಣ್ಣು ದೊಡ್ಡದು ಮಾಡುವವರು ಯಾರು?

ಮಧ್ಯಾಹ್ನ ಮೆಸೇಜ್ ಬಂತು: "ಆಪ್ ಸ್ಟೇಬಲ್." ಅಬ್ಬಾ! ಈ ವಾರಕ್ಕೆ ಕೆಲಸ ಉಳಿಯಿತು.

ಸಂಜೆ ಒಳಗೆ ಬಂದವರ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡೆ. ಕಾರಿನಲ್ಲಿ ಹೀಟರ್ ಇದ್ದರೂ ಬೆರಳುಗಳು ಮಂಜುಗಡ್ಡೆಯಂತಿದ್ದವು.

"ಎಲ್ಲಾ ಸರಿಯಾಯ್ತಾ ರೀ?"

"ಆಲ್ ಗುಡ್." ದಿನವೂ ಇದೇ ಉತ್ತರ. ಮಹಡಿ ಹತ್ತಿ ಹೋದರು.

ಡಬ್ಬದಲ್ಲಿ ಉಳಿದ ಹಿಟ್ಟನ್ನು ಪಕ್ಕದ ಮನೆಯ ಶಾಹಿದಾ ಆಂಟಿಗೆ ಕೊಟ್ಟು ಬರಲು ಹೋದೆ. ಮೈಸೂರಿನವರು, ದೋಸೆ ಎಂದರೆ ಪ್ರಾಣ. ಡಬ್ಬ ಇಸಿದುಕೊಳ್ಳುತ್ತಾ ಸುಮ್ಮನೆ ಕೇಳಿದರು:

"ನಿಮ್ಮೆಜಮಾನ್ರ ಕಾರೇನಾದ್ರೂ ಕೆಟ್ಟಿದ್ಯೇನಮ್ಮಾ? ದಿನಾ ಸಂಜೆ ಮನೆ ಮುಂದೆ ಇಂಜಿನ್ ಆಫ್ ಮಾಡಿ, ಎಷ್ಟೊತ್ತು ಕತ್ತಲಲ್ಲೇ ಕೂತಿರ್ತಾರಲ್ಲ, ಸ್ಟೀರಿಂಗ್ ಮೇಲೆ ತಲೆ ಇಟ್ಕೊಂಡು... ಇವತ್ತೂ ಕೂತಿದ್ರು."