ರಶೀದ್ ತಿನ್ನದ ಪಿಜ್ಜಾ

ಜರ್ಮನಿಯ ಎರ್ಲಾಂಗೆನ್‌ನಲ್ಲಿ ರಶೀದ್ ಬ್ಯಾಡಗಿಯವರನ್ನು ಪಿಜ್ಜಾ ಬಗ್ಗೆ ಒಂದು ಮಾತು ಕೇಳಿದಿರೋ, ನಿಮ್ಮ ಅರ್ಧ ದಿನ ಹೋಯಿತೆಂದೇ ತಿಳಿಯಿರಿ. ಹನ್ನೆರಡು ವರ್ಷದಿಂದ ಆಫೀಸಿನಲ್ಲಿ ಅವರ ಪಕ್ಕದ ಮೇಜು ನನ್ನದು. ಹಾಗಾಗಿ ಅರ್ಧ ದಿನಗಳನ್ನು ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವನು ನಾನೇ. ಇಬ್ಬರೂ ಟರ್ಬೈನ್ ನಕ್ಷೆಗಳನ್ನು ತಿದ್ದುವ ಎಂಜಿನಿಯರುಗಳು. ನನ್ನ ಹೆಸರು ದ್ವಾರಕನಾಥ, ಊರು ಮೈಸೂರು, ಮಧ್ಯಾಹ್ನಕ್ಕೆ ಮೊಸರನ್ನ ಬಿಟ್ಟರೆ ಬೇರೇನೂ ಸೇರದು. ರೊಟ್ಟಿಗೆ ಟೊಮ್ಯಾಟೊ ಬಳಿದು ಚೀಸ್ ಉದುರಿಸಿದ್ದಕ್ಕೆ ಇಷ್ಟೊಂದು ಸಡಗರ ಯಾಕೆ ಎಂದು ಅವರ ಮುಖಕ್ಕೇ ಹೇಳುತ್ತಿದ್ದೆ.

ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. “ಹಂಗ ಅನಬ್ಯಾಡ್ರಿ ದ್ವಾರಕನಾಥ,” ಎಂದು ಕುರ್ಚಿ ನನ್ನ ಕಡೆ ತಿರುಗಿಸುತ್ತಿದ್ದರು. “ಇಟಲಿಯೊಳಗ ಒಂದು ಹಳೇ ಕರಾರುಪತ್ರ ಐತಿ. ಕ್ರಿಸ್‌ಮಸ್ಸಿಗೆ ಬಿಷಪ್ಪಗ ಹನ್ನೆರಡು ಪಿಜ್ಜಾ ಕೊಡಬೇಕು ಅಂತ ಬರದಾರ ಅದರಾಗ. ಒಂದ್ ಸಾವಿರ ವರ್ಷದ ಹಿಂದ್ರೀ! ಆವಾಗ ಅಲ್ಲಿ ಟೊಮ್ಯಾಟೋನ ಇದ್ದಿಲ್ಲ!”

ಟೊಮ್ಯಾಟೊ ಸಮುದ್ರದಾಚೆಯ ಅಮೆರಿಕದಿಂದ ಬಂದದ್ದು, ಬಂದ ಮೇಲೂ ಯೂರೋಪಿನ ದೊಡ್ಡವರು ಅದನ್ನು ವಿಷವೆಂದು ಬಹಳ ಕಾಲ ದೂರವಿಟ್ಟದ್ದು, ತಿನ್ನಲು ಬೇರೆ ಗತಿಯಿಲ್ಲದ ನೇಪಲ್ಸ್‌ನ ಕೂಲಿಗಳು ಮಾತ್ರ ಅದನ್ನು ರೊಟ್ಟಿಯ ಮೇಲೆ ಹಚ್ಚಿಕೊಂಡು ಬೀದಿಯಲ್ಲಿ ನಿಂತೇ ತಿಂದದ್ದು, ಎಲ್ಲವನ್ನೂ ಅವರು ನಿನ್ನೆ ತಾವೇ ನೋಡಿ ಬಂದವರ ಹಾಗೆ ಹೇಳುತ್ತಿದ್ದರು. ಒಂದು ಭಾನುವಾರ ನನ್ನನ್ನು ವುರ್ಜ್‌ಬರ್ಗ್‌ಗೆ ಎಳೆದುಕೊಂಡು ಹೋದರು. ಜರ್ಮನಿಯ ಮೊದಲ ಪಿಜ್ಜೇರಿಯಾ ಎಂದು ಹೇಳುವ ಅಂಗಡಿ ಅಲ್ಲಿ ತೆರೆದದ್ದು ೧೯೫೨ರಲ್ಲಂತೆ. ಆಗ ಜರ್ಮನ್ನರು ಅತ್ತ ತಲೆ ಹಾಕುತ್ತಿರಲಿಲ್ಲ, ಊರಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರೇ ಗಿರಾಕಿಗಳು. ಆಮೇಲೆ ಇಟಲಿಯಿಂದ ಕೆಲಸಗಾರರು ರೈಲು ತುಂಬ ಬಂದರು, ಅವರ ಹಿಂದೆ ಒಲೆಗಳು ಬಂದವು. ಈಗ ಪಿಜ್ಜಾ ಅಂಗಡಿಯಿಲ್ಲದ ಜರ್ಮನ್ ಊರು ಹುಡುಕಿದರೂ ಸಿಗುವುದಿಲ್ಲ. ರಶೀದ್ ಆ ಬಾಗಿಲೆದುರು ಉಣ್ಣೆಯ ಟೋಪಿ ತೆಗೆದು ನಿಂತರು. ಚಳಿ ಮೂರು ಡಿಗ್ರಿ ಇತ್ತು.

“ಹೊಟ್ಟಿಗಿಲ್ಲದವರು ಮಾಡಿಕೊಂಡ ರೊಟ್ಟಿ ನೋಡ್ರಿ ಇದು,” ಎಂದರು. “ಒಂದು ದಂಡು ಇಲ್ಲ, ಒಂದು ದೋಣಿ ಇಲ್ಲ, ಇಡೀ ಜಗತ್ತು ಒಲಿಸಿಕೊಂಡೈತಿ.”

ನಾನು ನಗುವುದಕ್ಕೆಂದೇ ಬಾಯಿ ತೆರೆದವನು ಸುಮ್ಮನಾದೆ. ಅವರ ಕಣ್ಣಿನ ಬೆರಗು ಅಂಥದ್ದು. ಐವತ್ತು ದಾಟಿದ ಮನುಷ್ಯ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊಲಿಯುತ್ತಿದ್ದವರ ಮಗ, ಪರದೇಶದ ಒಂದು ಅಂಗಡಿಯ ಬಾಗಿಲಿಗೆ ಹೀಗೆ ಗೌರವ ಕೊಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಇಷ್ಟಾಗಿ ಅವರು ತಿನ್ನುತ್ತಿದ್ದದ್ದು ಮಾರ್ಗೆರೀಟಾ ಒಂದನ್ನೇ, ಬರೀ ಟೊಮ್ಯಾಟೊ ಮತ್ತು ಚೀಸ್. ಉಳಿದವುಗಳ ಮೇಲೆ ಏನು ಹಾಕಿರುತ್ತಾರೋ ಎಂಬ ಭಯ. ಮೆನುವಿನ ಮಿಕ್ಕ ಸಾಲುಗಳನ್ನು ಓದುತ್ತಲೂ ಇರಲಿಲ್ಲ.

ಪಿಜ್ಜಾದ ಸಾವಿರ ವರ್ಷ ಬಲ್ಲ ಈ ಮನುಷ್ಯ ತನ್ನ ಒಬ್ಬಳೇ ಮಗಳ ಮನೆಯ ಹೊಸ್ತಿಲು ತುಳಿಯದೆ ಹದಿನಾಲ್ಕು ತಿಂಗಳಾಗಿತ್ತು. ಮಗಳು ಹಫ್ಸಾ ಒಂಬತ್ತು ವರ್ಷದವಳಿದ್ದಾಗ ಇಲ್ಲಿಗೆ ಬಂದು ಇಲ್ಲಿಯೇ ಓದಿದವಳು. ಡ್ಯೂಸೆಲ್ಡಾರ್ಫ್‌ನಲ್ಲಿ ಕೆಲಸ ಸಿಕ್ಕಿ ಹೋದಾಗ ಅಪ್ಪ ಸ್ಟೇಷನ್ನಿಗೂ ಬರಲಿಲ್ಲ. ಫೋನ್ ಮಾಡಿದರೆ “ಹೂಂ, ಆರಾಮ” ಎಂದು ಹೆಂಡತಿ ರುಕಿಯಾ ಕೈಗೆ ಕೊಟ್ಟುಬಿಡುತ್ತಿದ್ದರು. ಈದ್‌ಗೆ ಬಂದ ಹುಡುಗಿ ಬೆಳಗಿನಿಂದ ನಿಂತು ಬಿರಿಯಾನಿ ಮಾಡಿದರೆ, ಇವರು ಹೊಟ್ಟೆ ಸರಿಯಿಲ್ಲ ಎಂದು ಬ್ರೆಡ್ ತಿಂದು ಎದ್ದರಂತೆ. ಏನಾಯಿತು ಎಂದು ರುಕಿಯಾ ಅತ್ತು ಕೇಳಿದರೂ ಉತ್ತರವಿಲ್ಲ. ಕೊನೆಗೆ ಹಫ್ಸಾ, ಬರುವ ಈದ್‌ಗೆ ತಾನು ಬರುವುದಿಲ್ಲ, ಆಮೇಲೂ ಬರುವುದಿಲ್ಲ, ಅಬ್ಬಾಗೆ ಬೇಡವಾದ ಮನೆಗೆ ಯಾಕೆ ಬರಲಿ ಎಂದು ತಾಯಿಗೆ ಹೇಳಿಬಿಟ್ಟಳು. ರುಕಿಯಾ ಇದನ್ನೆಲ್ಲ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದರು. ನನಗೆ ರಶೀದರ ಮೇಲೆ ಕೆಂಡದಂಥ ಕೋಪ ಬಂದಿತ್ತು, ಆದರೆ ಪರರ ಮನೆಯ ವಿಷಯವೆಂದು ಹಲ್ಲು ಕಚ್ಚಿಕೊಂಡಿದ್ದೆ.

ಜೂನ್ ತಿಂಗಳಲ್ಲಿ ನನ್ನ ಹೆಂಡತಿ ಊರಿಗೆ ಹೋದಳು, ಅವಳ ಜೊತೆಗೆ ನನ್ನ ಮೊಸರನ್ನವೂ ಹೋಯಿತು. ಒಂದು ಶನಿವಾರ ಮಧ್ಯಾಹ್ನ ರಶೀದ್ ನನ್ನನ್ನು ತಮ್ಮ ಖಾಯಂ ಇಟಾಲಿಯನ್ ಅಂಗಡಿಗೆ ಕರೆದೊಯ್ದರು. ಅವರೆದುರು ಕೂತು ಪಿಜ್ಜಾ ಹೇಳಿದ್ದು ನಾನು ಅದೇ ಮೊದಲು. ಖಾರವಿಲ್ಲದ್ದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. “ಒಂದು ಮಾರ್ಗೆರೀಟಾ, ಮೇಲೆ ಪೆಪೆರೋನಿ, ಧಾರಾಳವಾಗಿ” ಎಂದು ನನ್ನ ಹರಕು ಜರ್ಮನ್‌ನಲ್ಲಿ ಹೇಳಿದೆ.

ರಶೀದ್ ನೀರಿನ ಲೋಟ ಕೆಳಗಿಟ್ಟರು. “ನೀವು ಅದನ್ನ ತಿಂತೀರೇನ್ರಿ?”

“ಮನೇಲಿ ಬಾಟಲಿಗಟ್ಟಲೆ ಇದೆ. ಮೊಸರನ್ನಕ್ಕೆ ದಿನಾ ನಂಚ್ಕೋತೀನಿ.”

“ಹಂದೀದು?”

ನನಗೆ ಎಲ್ಲಿಂದ ಬಂತೋ ಸಿಟ್ಟು. “ರೀ ರಶೀದ್, ಮೊಟ್ಟೆ ಹಾಕಿದ ಕೇಕ್ ಮುಟ್ಟದವನು ನಾನು. ನನ್ನ ಹತ್ರ ಇದೆಂಥ ಮಾತು ಆಡ್ತೀರಿ?”

ಅಷ್ಟರಲ್ಲಿ ನನ್ನ ತಟ್ಟೆ ಬಂತು. ಬಿಸಿ ಚೀಸಿನ ಮೇಲೆ ಉದ್ದುದ್ದ ಸೀಳಿದ ಹಸಿರು ಮೆಣಸಿನಕಾಯಿ, ತುಂಬ. ರಶೀದ್ ಬಗ್ಗಿ ನೋಡಿದರು.

“ಪೆಪೆರೋನಿ ಎಲ್ಲೈತ್ರಿ?”

“ಇದೇ. ಇಲ್ಲಿ ಪೆಪೆರೋನಿ ಅಂದ್ರೆ ಮೆಣಸಿನಕಾಯಿ ಕಣ್ರೀ. ನೀವು ಹೇಳೋ ಹಂದಿ ಸಾಸೇಜು ಅಮೆರಿಕದವರದು, ಬೆಂಗಳೂರಿನ ಪಿಜ್ಜಾ ಅಂಗಡೀದು. ಅದಕ್ಕೆ ಇಲ್ಲಿ ಸಲಾಮಿ ಅಂತಾರೆ.”

ಅವರು ಒಂದು ತುಂಡನ್ನು ಬೆರಳಲ್ಲಿ ಎತ್ತಿ ಮೂಸಿದರು, ಬಾಯಿಗಿಟ್ಟು ನಿಧಾನವಾಗಿ ಅಗಿದರು. ಕಣ್ಣಲ್ಲಿ ನೀರು ಬಂತು. ಬ್ಯಾಡಗಿಯವರಿಗೆ ಇಷ್ಟು ಖಾರಕ್ಕೇ ಅಳುವೇ ಎಂದು ರೇಗಿಸಲು ಹೊರಟೆ, ಆದರೆ ನೀರು ನಿಲ್ಲಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿದೆ. ಆಗ ಅವರು ಹೇಳಿದರು.

ಹಫ್ಸಾ ಡ್ಯೂಸೆಲ್ಡಾರ್ಫ್‌ಗೆ ಹೊರಡುವ ವಾರ ಮನೆಯಲ್ಲಿ ಗೆಳತಿಯರೊಂದಿಗೆ ಪಿಜ್ಜಾ ತರಿಸಿದ್ದಳು. ಮರುದಿನ ಕಸ ಬೇರೆ ಮಾಡುವಾಗ, ಜಿಡ್ಡಾದ ತಳ ಮಾಮೂಲಿ ಕಸಕ್ಕೆ, ಶುಭ್ರವಾದ ಮುಚ್ಚಳ ಪಾಪಿಯರ್‌ಟೋನ್ನೆಗೆ, ಅಂದರೆ ಕಾಗದದ ಡಬ್ಬಕ್ಕೆ ಎಂದು ರಶೀದ್ ಪೆಟ್ಟಿಗೆ ಹರಿಯುತ್ತಿದ್ದರು. ಅಂಥ ಶಿಸ್ತಿನ ಮನುಷ್ಯ. ಮುಚ್ಚಳಕ್ಕೆ ಒಂದು ಚೀಟಿ ಅಂಟಿತ್ತು. ಪಿಜ್ಜಾ ಪೆಪೆರೋನಿ, ಕೆಳಗೆ ಹಫ್ಸಾ ಎಂದು ಹೆಸರು.

“ಬೆಂಗಳೂರಾಗ ಇದ್ದಾಗ ಆಫೀಸಿನವರು ಹೇಳಿದ್ರು, ರಶೀದ್, ಪೆಪೆರೋನಿ ಮಾತ್ರ ಮುಟ್ಟಬ್ಯಾಡ, ಅದು ಹಂದಿ ಅಂತ. ಅವತ್ತ ತಲಿಯಾಗ ಕುಂತದ್ದು ಎದ್ದ ಇಲ್ಲ. ರುಕಿಯಾಗ ಹೇಳಿದ್ರ ಅಕಿ ಎದಿ ಒಡಕೊಂತಾಳ. ಮಗಳಿಗೆ ಕೇಳಿದ್ರ, ಹೌದು ತಿಂದೀನಿ ಅಂದ್ಲಂದ್ರ ಏನ್ ಮಾಡ್ಲಿ? ಅದಕ್ಕ ಚೀಟಿ ಕಿಸೆದಾಗ ಹಾಕ್ಕೊಂಡು ಸುಮ್ಮನಾದೆ.”

“ಹದಿನಾಲ್ಕು ತಿಂಗಳು ರೀ! ಒಂದೇ ಒಂದು ಮಾತು ಕೇಳೋಕಾಗ್ಲಿಲ್ವೇ ನಿಮಗೆ?” ಎಂದು ನಾನು ಕೂಗಿದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ನೋಡಲಿ.

ಮೆಲ್ಲಗೆ ಕೋಪ ಇಳಿಯಿತು. ನನ್ನ ತಟ್ಟೆಯನ್ನೇ ನೋಡುತ್ತ ಕೂತೆ. ಟೊಮ್ಯಾಟೊ ಹುಟ್ಟಿದ ಅದೇ ಖಂಡದಲ್ಲಿ ಹುಟ್ಟಿದ ಮೆಣಸಿನಕಾಯಿ ಒಂದು ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದು ಘಟ್ಟ ಹತ್ತಿ ಬ್ಯಾಡಗಿ ಸೇರಿತು. ಇನ್ನೊಂದು ಹಡಗಿನಲ್ಲಿ ಇಟಲಿಗೆ ಹೋಗಿ ಪೆಪೆರೋನಿ ಎಂಬ ಹೆಸರು ಪಡೆಯಿತು. ಹೊಟ್ಟೆಪಾಡಿಗೆ ಹೊರಟ ಇಟಲಿಯ ಜನ ಆ ಹೆಸರನ್ನು ಅಮೆರಿಕಕ್ಕೆ ಒಯ್ದರು, ಅಲ್ಲಿ ಅದು ಹೇಗೋ ಸಾಸೇಜಿಗೆ ಅಂಟಿಕೊಂಡಿತು. ಸಾಸೇಜಿನ ಹೆಸರು ಬೆಂಗಳೂರಿಗೆ ಬಂದು ಒಬ್ಬ ಬ್ಯಾಡಗಿಯ ಯುವಕನ ತಲೆ ಹೊಕ್ಕಿತು. ಇಲ್ಲಿ ಜರ್ಮನಿಯಲ್ಲಿ ಆ ಹೆಸರು ಮೆಣಸಿನಕಾಯಿಯ ಮೇಲೆಯೇ ಇತ್ತು, ಅವನ ಮಗಳು ಅದನ್ನು ತಿಂದಳು. ಇಡೀ ಭೂಮಿ ಸುತ್ತಿದ ಒಂದು ಪದ ಅಪ್ಪ ಮಗಳ ನಡುವೆ ಬಂದು ಕೂತಿತ್ತು. ಪಿಜ್ಜಾವನ್ನು ಹಗುರವಾಗಿ ಮಾತಾಡುವುದನ್ನು ನಾನು ಬಿಟ್ಟದ್ದು ಅವತ್ತು.

ವಿಷಯ ಕೇಳಿ ರುಕಿಯಾ ಮೊದಲು ಬಿದ್ದು ಬಿದ್ದು ನಕ್ಕರಂತೆ, ಆಮೇಲೆ ಗಂಡನ ಜೊತೆ ಮಾತು ಬಿಟ್ಟರಂತೆ. ಬಿಡುವ ಮುಂಚೆ ಒಂದೇ ಮಾತು: “ನೀವ ಕೆಡಿಸೀರಿ, ನೀವ ಹೋಗಿ ನೆಟ್ಟಗ ಮಾಡಿ ಬರ್ರಿ.” ಒಬ್ಬರೇ ಹೋಗಲು ರಶೀದರಿಗೆ ಧೈರ್ಯವಿರಲಿಲ್ಲ. ಮರುದಿನ ಬೆಳಗಿನ ರೈಲಿನಲ್ಲಿ ನಾನೂ ಹೋದೆ. ದಾರಿಯುದ್ದಕ್ಕೂ ಅವರು ಪಿಜ್ಜಾ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮೂರನೇ ಮಹಡಿಯಲ್ಲಿ ಹಫ್ಸಾ ಬಾಗಿಲು ತೆರೆದಳು. “ಅಂಕಲ್?” ಎಂದವಳು ಹಿಂದೆ ನಿಂತ ಅಪ್ಪನನ್ನು ನೋಡಿ ಬಾಗಿಲು ಹಿಡಿದುಕೊಂಡೇ ನಿಂತಳು. ಅವರ ಮನೆಮಾತು ದಖನಿ ಉರ್ದು, ನಾನಿದ್ದರೆ ಕನ್ನಡ. ರಶೀದ್ ಕಾಲೊರಸಿನ ಮೇಲೆಯೇ ನಿಂತು, ತಲೆ ತಗ್ಗಿಸಿ, ಚೀಟಿಯಿಂದ ಹಿಡಿದು ನನ್ನ ತಟ್ಟೆಯವರೆಗೆ ಎಲ್ಲವನ್ನೂ ಹೇಳಿದರು.

ಹುಡುಗಿ ನಕ್ಕಳು. “ಪೆಪೆರೋನಿ? ಅಬ್ಬಾ, ದಾಸ್ ಇಸ್ಟ್ ಗೆಮ್ಯೂಸೆ! ಕಾಯಿಪಲ್ಯ ಅದು!” ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಾನೂ ನಕ್ಕೆ, ಸದ್ಯ ಎಲ್ಲ ಮುಗಿಯಿತು ಎಂದುಕೊಂಡೆ. ಆದರೆ ಅವಳ ನಗು ಅಲ್ಲೇ ನಿಂತುಹೋಯಿತು.

“ಅದು ಖರೇನ ಸಲಾಮಿ ಆಗಿತ್ತಂದ್ರ?” ಎಂದಳು. “ಇವತ್ತೂ ನೀವು ಬರತಿದ್ದಿಲ್ಲ, ಹೌದಲ್ಲ?”

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಬರುತ್ತಿದ್ದೆ ಎಂದುಬಿಡಿ ಮಾರಾಯರೇ, ಒಂದು ಸುಳ್ಳಿನಿಂದ ಏನು ಹೋಗುತ್ತದೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ರಶೀದ್ ತಲೆ ಎತ್ತಿ ಮಗಳನ್ನು ನೋಡಿದರು.

“ಬರತಿದ್ದಿಲ್ಲವ್ವಾ,” ಎಂದರು. “ಅದ ನೋಡು ನನ್ನ ದೊಡ್ಡ ತಪ್ಪು. ಪೆಪೆರೋನಿದು ಸಣ್ಣದು.”

ಹನ್ನೆರಡು ವರ್ಷ ಪಕ್ಕದಲ್ಲಿ ಕೂತರೂ ಈ ಮನುಷ್ಯನೊಳಗೆ ಇಷ್ಟು ಧೈರ್ಯವಿದೆಯೆಂದು ನನಗೆ ತಿಳಿದಿರಲಿಲ್ಲ. ಹಫ್ಸಾ ಬಾಗಿಲಿನಿಂದ ಕೈ ತೆಗೆದು ನಮಗೆ ದಾರಿ ಬಿಟ್ಟಳು.

ಅವಳದು ಊಟದ ಹೊತ್ತು. ಒಂದು ತಟ್ಟೆ ತಂದು ಅಪ್ಪನ ಮುಂದೆ ಇಟ್ಟು, ಎದುರಿಗೆ ಕೈಕಟ್ಟಿ ನಿಂತಳು. ಕೆಂಪು ಸಾರಿನಲ್ಲಿ ಮುಳುಗಿದ್ದ ಅದು ಏನೆಂದು ನನಗಂತೂ ಗೊತ್ತಾಗಲಿಲ್ಲ. ರಶೀದ್ ಬಿಸ್ಮಿಲ್ಲಾ ಎಂದು ಒಂದು ತುತ್ತು ಬಾಯಿಗಿಟ್ಟರು.

“ಇದರಾಗ ಏನ್ ಹಾಕೀದಿ ಅಂತ ಕೇಳಂಗಿಲ್ಲೇನು?” ಎಂದಳು ಹಫ್ಸಾ.

“ನೀ ಮಾಡೀಯಲ್ಲವ್ವಾ,” ಎಂದು ಅವರು ಎರಡನೇ ತುತ್ತಿಗೆ ಕೈ ಹಾಕಿದರು.