ಮಗಳಿಗೆ ಇಲ್ಲದ ಜ್ವರ

ನಮ್ಮ ಮಗಳಿಗೆ ಆಟಿಸಂ ಇದೆ ಎಂದು ಹಾಸನದ ಡಾಕ್ಟರು ಹೇಳಿದಾಗ ಅವಳಿಗೆ ನಾಲ್ಕು ವರ್ಷ. ಜ್ವರ ಇದೆ ಎಂದು ನಾನು ಹೇಳತೊಡಗಿದಾಗ ಒಂಬತ್ತು.

ಶುರುವಾದದ್ದು ಚನ್ನರಾಯಪಟ್ಟಣದ ಒಂದು ಗೃಹಪ್ರವೇಶದಲ್ಲಿ. ಎಲೆಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಅವಳು ನಮ್ಮಮ್ಮನಿಂದ ಕಲಿತಿದ್ದಳು. ಉಪ್ಪು, ಕೋಸಂಬರಿ, ಪಲ್ಯ, ಎಲ್ಲ ಆದಮೇಲೆ ಅನ್ನ. ಅವತ್ತು ಬಡಿಸುವವರು ಅವಸರದಲ್ಲಿ ಅನ್ನವನ್ನೇ ಮೊದಲು ತಂದರು. ಇವಳು ಎರಡೂ ಕೈಯಿಂದ ಎಲೆ ಮುಚ್ಚಿಕೊಂಡು ಕಿರುಚತೊಡಗಿದಳು. "ಅಂಗೆಲ್ಲ ಎಲೆ ಮುಚ್ಚಬಾರ್ದು ಕಣವ್ವ," ಎಂದು ಬಡಿಸುವವನು ಅವಳ ಕೈ ಹಿಡಿದ. ಅವಳನ್ನು ಹೇಳದೆ ಕೇಳದೆ ಮುಟ್ಟಬಾರದು. ಅನ್ನದ ಬೇಸಿನ್ನು ಉರುಳಿತು. ಇಡೀ ಪಂಕ್ತಿ ಊಟ ಬಿಟ್ಟು ನಮ್ಮನ್ನೇ ನೋಡಿತು. ಎರಡು ಏಟು ಬಿಟ್ಟರೆ ಸರಿಹೋಗುತ್ತಾಳೆ ಎಂದರು ಹಿರಿಯರೊಬ್ಬರು. ಶಾಸ್ತ್ರದ ಪ್ರಕಾರ ಅವತ್ತು ಸರಿಯಾಗಿದ್ದವಳು ಅವಳೊಬ್ಬಳೇ. ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ. ಹೈಸ್ಕೂಲಿನಲ್ಲಿ ನಾನು ಮಕ್ಕಳಿಗೆ ಧೈರ್ಯದ ಪಾಠ ಮಾಡುತ್ತೇನೆ.

ಮುಂದಿನ ಮದುವೆಗೆ ಅವಳನ್ನು ಅಜ್ಜಿಯ ಹತ್ತಿರ ಬಿಟ್ಟು ನಾವಿಬ್ಬರೇ ಹೋದೆವು. ಮಗಳೆಲ್ಲಿ ಎಂದವರಿಗೆ ಜ್ವರ ಎಂದೆ. ಅರಕಲಗೂಡಿನ ನಾಮಕರಣಕ್ಕೂ ಜ್ವರ, ಹಾಸನದ ಆರತಕ್ಷತೆಗೂ ಜ್ವರ. ಎರಡು ವರ್ಷ ಆ ಹುಡುಗಿಗೆ ಒಳ್ಳೆಯ ಮುಹೂರ್ತ ನೋಡಿಕೊಂಡೇ ಜ್ವರ ಬರುತ್ತಿತ್ತು. ನಾನು ಹಾಗೆ ಹೇಳುವಾಗಲೆಲ್ಲ ಹೆಂಡತಿ ಬೇರೆ ಕಡೆ ನೋಡುತ್ತಿದ್ದಳು.

ಕ್ರಮೇಣ ಕರೆಯಲು ಬರುವವರ ಮಾತೂ ಬದಲಾಯಿತು. "ಮನೆಮಂದಿಯೆಲ್ಲ ಬರಬೇಕು" ಎನ್ನುತ್ತಿದ್ದವರು "ನೀವಿಬ್ಬರೂ ಬನ್ನಿ" ಎನ್ನತೊಡಗಿದರು. ಎಂಥ ಕಟುಕ ಜನ ಎಂದು ನಾನು ಒಳಗೊಳಗೇ ಉರಿದುಕೊಂಡೆ.

ಹೋದ ಬೇಸಿಗೆಯಲ್ಲಿ ಸೋದರತ್ತೆ ಮೊಮ್ಮಗನ ಉಪನಯನಕ್ಕೆ ಕರೆಯಲು ಹೊಳೆನರಸೀಪುರದ ನಮ್ಮ ಮನೆಗೆ ಬಂದರು. ಹೆಂಡತಿಗೆ ಕುಂಕುಮ ಕೊಟ್ಟು, "ನೀವಿಬ್ಬರೂ ಬನ್ನಿ" ಎಂದರು. ಆಮೇಲೆ ಮಾತಿಗೆ, "ಮಗು ಜ್ವರ ಹೇಗಿದೆ?" ಎಂದು ಕೇಳಿದರು.

ಕಿಟಕಿಯ ಹತ್ತಿರ ಕೂತಿದ್ದ ಮಗಳು ಎದ್ದು ಒಳಗೆ ಹೋದಳು. ಥರ್ಮಾಮೀಟರನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಅದು ಪೀಂ ಎನ್ನುವವರೆಗೆ ಅತ್ತೆಯ ಮುಂದೆ ನಿಂತಳು. ನಂತರ ಅದನ್ನು ಕುಂಕುಮದ ತಟ್ಟೆಯಲ್ಲಿಟ್ಟಳು.

"ಜ್ವರ ಇಲ್ಲ," ಎಂದಳು.

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. "ಯಾವತ್ತೂ ಇರಲಿಲ್ಲ ಅತ್ತೆ. ನಾನೇ ಸುಳ್ಳು ಹೇಳ್ತಿದ್ದೆ."

"ಗೊತ್ತು ಕಣೋ," ಎಂದರು ಅತ್ತೆ. "ಪ್ರತಿಸಲ ನಿನ್ನ ಬಾಯಲ್ಲಿ ಯಾಕೆ ಸುಳ್ಳು ಹೇಳಿಸೋದು ಅಂತ ನಿಮ್ಮಿಬ್ಬರನ್ನೇ ಕರೀತಿದ್ವಿ."

ಅವರು ಮಗಳ ಹಣೆ ಮುಟ್ಟಲು ಹೋಗಲಿಲ್ಲ. ತಟ್ಟೆಯನ್ನು ಅವಳ ಮುಂದೆ ಹಿಡಿದರು. ಅವಳೇ ಬೆರಳದ್ದಿ ಓರೆಯಾಗಿ ಇಟ್ಟುಕೊಂಡಳು.

"ನೀನು ಬರಬೇಕಮ್ಮ," ಎಂದರು ಅತ್ತೆ.

"ಉಪ್ಪು ಮೊದಲು," ಎಂದಳು ಮಗಳು.

ಅತ್ತೆ ಅಲ್ಲೇ ಕೂತು ಅಡುಗೆಯವರಿಗೆ ಫೋನ್ ಮಾಡಿದರು.