ಅಣ್ಣ ಕಟ್ಟಿದ ಕೊನೆಯ ಚಕ್ರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದರ್ಜಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಇರುವ ಸೈಕಲ್ ಶಾಪಿನ ಶಟರು ಮಾತ್ರ ಅರ್ಧ ಮೇಲೆದ್ದಿದೆ. ಒಳಗೆ ಟ್ಯೂಬ್‌ಲೈಟಿನ ಕೆಳಗೆ, ಕಬ್ಬಿಣದ ಸ್ಟ್ಯಾಂಡಿಗೆ ಸಿಕ್ಕಿಸಿದ ಚಕ್ರವೊಂದು ತಣ್ಣಗೆ ತಿರುಗುತ್ತಿದೆ. ಮೋಟು ಸ್ಟೂಲಿನ ಮೇಲೆ ಕೂತ ಹೆಂಗಸು ಒಂದು ಕಣ್ಣು ಮುಚ್ಚಿಕೊಂಡು ರಿಮ್ಮಿನ ಅಂಚನ್ನೇ ನೋಡುತ್ತಾರೆ. ಒಂದು ಸ್ಪೋಕ್ ಕಡ್ಡಿಯನ್ನು ಬೆರಳಿನಿಂದ ಮೀಟುತ್ತಾರೆ, ಪಕ್ಕದ್ದನ್ನೂ ಮೀಟುತ್ತಾರೆ, ಎರಡರ ಸದ್ದು ಕೂಡದಿದ್ದರೆ ಕೊಂಚ ಬಿಗಿ ಮಾಡಿ ಮತ್ತೆ ತಿರುಗಿಸುತ್ತಾರೆ. “ಸಡಿಲ ಇದ್ರೆ ಸದ್ದು ಮಂದವಾಗಿ ಬರುತ್ತೆ. ಜಾಸ್ತಿ ಬಿಗಿಯಾದ್ರೆ ಕೀರಲು. ಕಣ್ಣಿಗಿಂತ ಮುಂಚೆ ಕಿವಿಗೇ ಗೊತ್ತಾಗುತ್ತೆ” ಎನ್ನುತ್ತಾರೆ.

ಗಿರಾಕಿಗಳ ಬಾಯಲ್ಲಿ ಇವರು ‘ಬೆಂಡಕ್ಕ’. ಸೊಟ್ಟಗಾದ ಚಕ್ರದ ಬೆಂಡು ತೆಗೆಯುವುದರಲ್ಲಿ ಕೈ ಎಷ್ಟು ಪಳಗಿದೆಯೋ, ಗಾಳಿಯಿಲ್ಲದ ಟೈರಿನಲ್ಲೇ ಗುಡ್ಡ ಇಳಿದು ಬಂದವರ ಬೆಂಡೆತ್ತುವುದರಲ್ಲಿ ಬಾಯಿಯೂ ಅಷ್ಟೇ ಪಳಗಿದೆ. ಬೈಸಿಕೊಂಡವರು ನಗುತ್ತಲೇ ಹೋಗುತ್ತಾರೆ, ಮುಂದಿನ ವಾರ ಮತ್ತೆ ಬರುತ್ತಾರೆ. ಊರಂಚಿನ ಗುಡ್ಡದ ಹಾದಿಗಳಲ್ಲಿ ಧೂಳೆಬ್ಬಿಸುವ ಮೌಂಟನ್ ಬೈಕುಗಳಲ್ಲಿ ಹೆಚ್ಚಿನವು ಇವರ ಕೈಯಿಂದ ಹಾದು ಹೋದಂಥವೇ. ಓಡಿಸಿದವರ ಕೊರಳಿಗೆ ಪದಕ ಬಿದ್ದಾಗ ಚಕ್ರ ಕಟ್ಟಿದವರನ್ನು ಯಾರು ನೆನೆಯುತ್ತಾರೆ, ಬಿಡಿ.

ಅಂಗಡಿ ಅಣ್ಣನದು. ಗಂಡನ ಮನೆಯಲ್ಲಿ ಬಾಳಲಾಗದೆ ಇವರು ಪೆಟ್ಟಿಗೆ ಹಿಡಿದು ಬಂದ ವಾರದಲ್ಲೇ ಅಣ್ಣ ಅಂಗಡಿಗೆ ಕರೆದುಕೊಂಡು ಬಂದು ಕೈಗೆ ಕಡ್ಡಿ ಬಿಗಿಸುವ ಸ್ಪೋಕ್ ಚಾವಿಯೊಂದನ್ನು ಕೊಟ್ಟರಂತೆ. ಅಳುತ್ತಾ ಕೂತರೆ ಕಣ್ಣು ಮಂಜಾಗಿ ಬೆಂಡು ಕಾಣುವುದಿಲ್ಲ ಎಂದು ತಮಾಷೆಯನ್ನೂ ಮಾಡಿದ್ದರಂತೆ. ಮೊದಮೊದಲು ಬಂದವರೆಲ್ಲ ಇವರ ತಲೆಯ ಮೇಲಿಂದ ಒಳಗೆ ಇಣುಕಿ ‘ಮೇಸ್ತ್ರಿ ಇಲ್ವಾ?’ ಎಂದು ಕೇಳುತ್ತಿದ್ದರು. ಉಗುರುಸಂದಿಯ ಗ್ರೀಸ್ ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ, ಸೊಂಟ ಹಿಡಿದುಕೊಳ್ಳುತ್ತಿತ್ತು. ಆದರೂ ಕೆಲಸ ಕೈ ಹಿಡಿಯಿತು.

ಆಮೇಲೆ ಅಣ್ಣನ ಕೈ ನಡುಗಲು ಶುರುವಾಯಿತು. ವೈದ್ಯರು ರೋಗಕ್ಕೊಂದು ದೊಡ್ಡ ಹೆಸರು ಹೇಳಿದರು, ವಾಸಿಯಾಗುತ್ತದೆಂದು ಹೇಳಲಿಲ್ಲ. ಚಾವಿ ಕೆಳಗಿಡುವ ಮುನ್ನ ಅವರು ಮಗಳ ಮೌಂಟನ್ ಬೈಕಿಗೆ ಹಿಂದಿನ ಚಕ್ರವೊಂದನ್ನು ಕಟ್ಟಿದರು. ಕಡ್ಡಿ ಸಿಕ್ಕಿಸಲು ಹೋದರೆ ತೂತು ತಪ್ಪುತ್ತಿತ್ತು, ಆದರೂ ತಂಗಿಯನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹಳೆಯ ಕಸುಬುದಾರರ ರೂಢಿಯಂತೆ, ಗಾಳಿ ತುಂಬುವ ತೂತಿನಲ್ಲಿ ಇಣುಕಿದರೆ ಕಡ್ಡಿಗಳೆಲ್ಲ ಬಂದು ಸೇರುವ ನಡುವಿನ ಹಬ್ಬಿನ ಮೇಲೆ ಬರೆದ ಕಂಪನಿಯ ಹೆಸರು ನೇರವಾಗಿ ಕಾಣುವ ಹಾಗೆ ಕಟ್ಟಿ ಮುಗಿಸಿ, ಮಗಳಿಗೆ ತೋರಿಸಿದರು. ಅದೇ ಕೊನೆಯದು.

ಅಂದಿನಿಂದ ಅಣ್ಣ ಗಲ್ಲಾದ ಹಿಂದೆ ಕುರ್ಚಿಯಲ್ಲಿ. ಕೈ ಸುಮ್ಮನಾದರೂ ಬಾಯಿ ಸುಮ್ಮನಾಗಲಿಲ್ಲ. ಅದನ್ನು ಬಿಗಿ ಮಾಡು, ಇದನ್ನು ಬಿಚ್ಚು ಎಂದು ಅಲ್ಲಿಂದಲೇ ಹೇಳುತ್ತಿದ್ದರು, ಗಿರಾಕಿಗಳೂ ತಂಗಿಯನ್ನು ಬಿಟ್ಟು ಅಣ್ಣನ ಮುಖವನ್ನೇ ನೋಡುತ್ತಿದ್ದರು. ಒಂದು ದಿನ ತುಂಬಿದ ಅಂಗಡಿಯಲ್ಲಿ ಇವರ ತಾಳ್ಮೆ ತಪ್ಪಿತು. “ಕೆಲಸ ಮಾಡೋಳು ನಾನೋ ನೀನೋ? ಇನ್ಮೇಲೆ ನನ್ನ ಕೆಲಸಕ್ಕೆ ಬಾಯಿ ಹಾಕಬೇಡ ಅಣ್ಣ” ಎಂದುಬಿಟ್ಟರು. ಅಣ್ಣ ಬಾಯಿ ಮುಚ್ಚಿದರು. ತಂಗಿಗೆ ಆಗ ನಿರಾಳವಾಯಿತಂತೆ. ಹಾಗೆಂದು ಈಗ ಒಪ್ಪಿಕೊಳ್ಳುವಾಗ ಅವರು ತಲೆ ಎತ್ತುವುದಿಲ್ಲ.

ಕಳೆದ ವರ್ಷ ಅಣ್ಣನ ಮಗಳ ಬೈಕಿನ ಫ್ರೇಮ್ ಬಿರುಕು ಬಿಟ್ಟಿತು. ಹುಡುಗಿ ಎಲ್ಲಿಂದಲೋ ಹೊಸ ಮಾದರಿಯ ಫ್ರೇಮ್ ಹೊಂದಿಸಿಕೊಂಡು ಬಂದಳು. ಹಳೆಯದರಲ್ಲಿ ಇದ್ದದ್ದು ಕ್ವಿಕ್ ರಿಲೀಸ್, ಅಂದರೆ ಹಬ್ಬಿನೊಳಗೆ ಒಂದು ತೆಳು ಸರಳು, ತುದಿಯಲ್ಲಿ ಮಡಚುವ ಹಿಡಿ, ಫ್ರೇಮಿನ ಬಾಯಿ ತೆರೆದ ಸೀಳಿನಲ್ಲಿ ಕೂರುವ ಚಕ್ರ. ಹೊಸದಕ್ಕೆ ಬೇಕಾದದ್ದು ಥ್ರೂ ಆಕ್ಸಲ್, ಫ್ರೇಮಿನ ಈ ಬದಿಯ ತೂತಿನಿಂದ ಆ ಬದಿಗೆ ತೂರಿಸಿ ತಿರುಪುವ ದಪ್ಪ ಸರಳು. ಕಲ್ಲುಗುಡ್ಡೆಯ ಇಳಿಜಾರಿನಲ್ಲಿ ಹಿಂದಿನ ಚಕ್ರ ಅಲುಗುವುದಿಲ್ಲ ಎಂದು ಈಗ ಎಲ್ಲರೂ ಅದಕ್ಕೇ ಮುಗಿಬೀಳುತ್ತಾರೆ. ಹುಡುಗಿ ಕೇಳಿದ್ದು ಇಷ್ಟೇ: “ಅಪ್ಪ ಕಟ್ಟಿದ ಚಕ್ರಾನೇ ಇದಕ್ಕೂ ಕೂರಿಸಿಕೊಡು ಅತ್ತೆ.”

ಕೆಲವು ಹಬ್ಬುಗಳ ಎರಡೂ ತುದಿಗೆ ಕಳಚಬಹುದಾದ ಕ್ಯಾಪುಗಳಿರುತ್ತವೆ. ಅವನ್ನು ಕಿತ್ತು ದೊಡ್ಡ ತೂತಿನವನ್ನು ಹಾಕಿದರೆ ದಪ್ಪ ಸರಳು ಹಿಡಿಸುತ್ತದೆ, ಚಕ್ರಕ್ಕೆ ಕೈ ಹಚ್ಚಬೇಕಾಗಿಲ್ಲ. ಬೆಂಡಕ್ಕ ಬೆರಳಿನಿಂದ ಎಳೆದು ನೋಡಿದರು, ಬರಲಿಲ್ಲ. ಮೇಜಿಗೆ ಬಿಗಿದ ಇಕ್ಕಳದಂಥ ವೈಸಿಗೆ ಸಿಕ್ಕಿಸಿ ಅಲ್ಲಾಡಿಸಿ ನೋಡುವುದು ಕ್ರಮ. ಆದರೆ ಬಾಗಿಲಲ್ಲಿ ಗಿರಾಕಿಗಳು ಕಾಯುತ್ತಿದ್ದರು, ಮೇಲಾಗಿ ತನಗೆ ಗೊತ್ತಿಲ್ಲದ ಹಬ್ಬೇ ಎಂಬ ಜಂಬವೂ ಇತ್ತು. ಇದು ಹಳೇ ಜಾತಿಯದು, ಹಬ್ಬನ್ನೇ ಬದಲಾಯಿಸಬೇಕು ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಹುಡುಗಿ ಸಪ್ಪಗಾಗಿ ಹೂಂ ಎಂದಳು. ಹಬ್ಬು ಬದಲಾಗಬೇಕಾದರೆ ಕಡ್ಡಿಗಳನ್ನೆಲ್ಲ ಬಿಚ್ಚಬೇಕು. ಅವುಗಳ ತಿರುಪು ತುಕ್ಕು ಹಿಡಿದು ಚಾವಿಗೆ ಬಗ್ಗಲಿಲ್ಲ. ಕಟರ್ ತೆಗೆದುಕೊಂಡು ಒಂದೊಂದೇ ಕತ್ತರಿಸಿದರು. ಅಣ್ಣ ಗಲ್ಲಾದಲ್ಲೇ ಕೂತಿದ್ದರು, ಒಂದೊಂದು ಕಡ್ಡಿ ತುಂಡಾದ ಸದ್ದನ್ನೂ ಕೇಳಿಸಿಕೊಂಡರು.

ಹಳೆಯ ಹಬ್ಬಿನ ಬೇರಿಂಗ್ ಯಾವುದಕ್ಕಾದರೂ ಆದೀತು ಎಂದು ಮಧ್ಯಾಹ್ನ ಅದನ್ನು ವೈಸಿಗೆ ಸಿಕ್ಕಿಸಿ ಅಲ್ಲಾಡಿಸಿದಾಗ ಕ್ಯಾಪ್ ಟಪ್ಪೆಂದು ಕಳಚಿಕೊಂಡಿತು. ಒಣಗಿದ ಗ್ರೀಸ್ ಹಿಡಿದುಕೊಂಡಿತ್ತು, ಅಷ್ಟೇ. ಗಾಬರಿಯಿಂದ ಡ್ರಾಯರ್ ತಡಕಾಡಿದರು. ಅದೇ ಹಬ್ಬಿನ ದೊಡ್ಡ ತೂತಿನ ಕ್ಯಾಪುಗಳು ಒಡೆಯದ ಪೊಟ್ಟಣದಲ್ಲಿ ಹಾಗೇ ಇದ್ದವು. ಮುಂದೆ ಮಗಳಿಗೆ ಬೇಕಾದೀತು ಎಂದು ಅಣ್ಣನೇ ತಂದಿಟ್ಟಿದ್ದರು.

“ಪೊಟ್ಟಣ ಹಿಡ್ಕೊಂಡು ಅಣ್ಣನ ಹತ್ರ ಹೋಗಿ ನಿನಗೆ ಗೊತ್ತಿತ್ತಾ ಅಂದೆ. ಗೊತ್ತಿತ್ತು ಅಂದ. ಮತ್ತೆ ಯಾಕೆ ಹೇಳಲಿಲ್ಲ ಅಂದೆ. ಬಾಯಿ ಹಾಕಬೇಡ ಅಂದಿದ್ಯಲ್ಲಮ್ಮ ಅಂದ. ಕೋಪ ಇರಲಿಲ್ಲ ಅವನಿಗೆ. ಬೈದಿದ್ರೆ ಎಷ್ಟೋ ವಾಸಿ ಇತ್ತು.”

ಹುಡುಗಿ ಹೊಸ ಹಬ್ಬಿನ ಚಕ್ರದಲ್ಲಿ ಗುಡ್ಡ ಹತ್ತುತ್ತಿದ್ದಾಳೆ, ಇಳಿಯುತ್ತಿದ್ದಾಳೆ. ಹೋಗಲಿ ಬಿಡತ್ತೆ ಎಂದು ಎಷ್ಟೋ ಸಲ ಹೇಳಿದ್ದಾಳೆ. ರಿಮ್ಮು ಹಳೆಯದೇ, ಅಪ್ಪ ಆರಿಸಿ ತಂದದ್ದೇ. ಆದರೆ ಅದನ್ನು ಕಟ್ಟಿದ್ದು ಅಪ್ಪನಲ್ಲ, ಮತ್ತೆ ಕಟ್ಟಲು ಆ ಕೈಗೆ ಆಗುವುದೂ ಇಲ್ಲ. ಅಣ್ಣನಿಗೆ ಈಗ ಟೀ ಲೋಟವನ್ನೂ ಅರ್ಧವೇ ತುಂಬಿಸಿ ಕೊಡಬೇಕು.

ಬಿಸಿಲು ಶಟರಿನ ಕೆಳಗೆ ನುಸುಳುವ ಹೊತ್ತಿಗೆ ಅಣ್ಣ ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಈಗ ದಿನದ ಕೆಲಸದಲ್ಲಿ ಅರ್ಧ ಇಂಥ ದಪ್ಪ ಸರಳಿನ ಬದಲಾವಣೆಯೇ. ಬೆಂಡಕ್ಕ ಇನ್ನೊಂದು ಹಳೆಯ ಚಕ್ರವನ್ನು ಅವರ ಮುಂದೆ ಹಿಡಿದು, ಇದಕ್ಕೇನು ಮಾಡೋಣ ಎಂದು ಕೇಳುತ್ತಾರೆ. ನಿನಗೆ ಸರಿ ಅನ್ನಿಸಿದ್ದು ಮಾಡಮ್ಮ ಎಂಬ ಉತ್ತರ ಬರುತ್ತದೆ. ಅದರಲ್ಲಿ ಮುನಿಸಿಲ್ಲ, ಇರುವುದು ಮರ್ಯಾದೆ. ತಂಗಿಯನ್ನು ಚುಚ್ಚುವುದೂ ಅದೇ.

ಸ್ಟ್ಯಾಂಡಿಗೆ ಮರಳಿ ಬಂದು ಅವರು ಬೇಕೆಂದೇ ಬಿಗಿ ಮಾಡಬೇಕಾದ ಕಡ್ಡಿಯನ್ನು ಸಡಿಲ ಮಾಡುತ್ತಾರೆ. ಚಕ್ರ ತಿರುಗುತ್ತಾ ಹಾವಿನಂತೆ ಓಲಾಡುತ್ತದೆ. ಗಲ್ಲಾದ ಹಿಂದೆ ಅಣ್ಣನ ತುಟಿ ಕೊಂಚ ತೆರೆಯುತ್ತದೆ. ಮತ್ತೆ ಮುಚ್ಚಿಕೊಂಡು ಅವರು ಬೀದಿಯ ಕಡೆ ಮುಖ ತಿರುಗಿಸುತ್ತಾರೆ.

“ನೋಡಿದ್ರಲ್ಲ?” ಎಂದು ಬೆಂಡಕ್ಕ ದನಿ ತಗ್ಗಿಸುತ್ತಾರೆ. “ದಿನಾ ಹೀಗೇ. ಅಂಗಡಿ ತುಂಬ ಗಿರಾಕಿಗಳಿದ್ದಾಗಲೇ ಆಗಲಿ, ಒಂದು ಸಲ ಅವನು ಏಯ್, ತಪ್ಪು ಕಣೇ ಅಂತ ಗದರಬೇಕು. ನನಗೆ ಅಷ್ಟು ಸಾಕು.”